ಒಳಕ್ಕೆಳೆದ ಉಸಿರು

1984ರ ಮಾರ್ಚ್ 9, ಮಧ್ಯಾಹ್ನ 2 ಗಂಟೆ 14 ನಿಮಿಷ. ಉತ್ತರ ಸ್ವೀಡನ್ನಿನ ತುರ್ತುಕರೆ ಕೇಂದ್ರಕ್ಕೆ ಗುನ್ವೋರ್ ಫೋನು ಮಾಡಿದಳು. ಗಂಡ ಎಲೋಫ್‌ಗೆ ಎದೆನೋವು. ಆಂಬ್ಯುಲೆನ್ಸ್ ಬಂದದ್ದು 3.22ಕ್ಕೆ. ಆತ ಸತ್ತು ಅರ್ಧ ಗಂಟೆಯಾಗಿತ್ತು.

ಆ ಸೀಮೆಯಲ್ಲಿ ಗ್ರಾನ್‌ಲೀಡೆನ್ ಎಂಬ ಹಳ್ಳಿಗಳು ಎರಡು. ಒಂದು ಸರೋವರದ ಪಕ್ಕ, ಇನ್ನೊಂದು ಮರದ ಮಿಲ್ಲಿನ ಪಕ್ಕ. ಎಲೋಫ್‌ನ ಮನೆ ಸರೋವರದ ಬಳಿ. ಕರೆ ತೆಗೆದುಕೊಂಡ ಸಿಕ್ಸ್ಟೆನ್ ಗಾಡಿ ಕಳಿಸಿದ್ದು ಮಿಲ್ಲಿನ ಹಳ್ಳಿಗೆ.

ಸ್ಟಾಕ್‌ಹೋಮ್‌ನಲ್ಲಿ ಧ್ವನಿಮುದ್ರಿಕೆಯನ್ನು ಟೈಪು ಮಾಡಿಸಿದ ಮೇಲಧಿಕಾರಿಗಳು ತೀರ್ಮಾನ ಬರೆದರು: ಕರೆ ಮಾಡಿದಾಕೆ ಊರನ್ನು ಖಚಿತಪಡಿಸಲಿಲ್ಲ. ಕಡತಕ್ಕೆ ಸ್ಥಳೀಯ ಪೊಲೀಸರ ಸಹಿಯೊಂದು ಬಾಕಿಯಿತ್ತು. ಇನ್‌ಸ್ಪೆಕ್ಟರ್ ಯಿಲ್ವಾ ಸಹಿ ಹಾಕಲಿಲ್ಲ, ಸಿಕ್ಸ್ಟೆನ್‌ನನ್ನು ಕರೆಸಿದಳು.

"ಏನು ಕೇಳಿದ್ರಿ ಅವರನ್ನ?"

"'ಸರೋವರದ ಹತ್ರದ ಗ್ರಾನ್‌ಲೀಡೆನ್ನಾ?' ಅಂದೆ. ಉತ್ರ ಇಲ್ಲ, ಬರೀ ಏದುಸಿರು. ಹಾಳೇಲೇ ಇದೆಯಲ್ಲಮ್ಮ, ಓದೋಕ್ ಬರಲ್ವಾ?"

"ಮಿಲ್ಲಿನ ಊರಿಗೆ ಯಾಕೆ ಕಳಿಸಿದ್ರಿ?"

"ಅದು ದೊಡ್ಡೂರು. ಅಂದಾಜು ಮಾಡ್ದೆ. ಯಾರ ಮನೆ ಅಂತಾನೂ ಗೊತ್ತಿರ್ಲಿಲ್ಲ."

"ಆಮೇಲೆ ಗುನ್ವೋರ್ ಮನೆಗೆ ಹೋಗಿದ್ರಂತೆ?"

"ಹೋಗಿದ್ದೆ, ಮಣ್ಣಾದ ಮಾರನೇ ದಿನ. 'ಒಂದ್ ಮಾತು ಆಡಿದ್ರೆ ನಿನ್ ಗಂಡ ಉಳೀತಿದ್ದ' ಅಂದೆ. ಸುಳ್ಳು ಹೇಳ್ಬೇಕಿತ್ತಾ?"

"ಅವರೇನಂದ್ರು?"

"ಏನಂತಾಳೆ? ನೆಲದ ಮೇಲೇ ಕೂತ್ಬಿಟ್ಲು."

ಯಿಲ್ವಾ ಟೇಪು ಹಾಕಿದಳು. ಸಿಕ್ಸ್ಟೆನ್‌ನ ಪ್ರಶ್ನೆ. ಸರ್ರೆಂದು ಒಂದು ಸಣ್ಣ ಸದ್ದು. ಮರುಕ್ಷಣವೇ ಮತ್ತೆ ಅವನ ದನಿ: "ಬಾಗಿಲ ಚಿಲಕ ತೆಗೆದಿಡಿ."

"ನೀವು ಹುಟ್ಟಿದ್ದೆಲ್ಲಿ?"

"ಇಲ್ಲೇ. ಯಾಕೆ?"

"ಹಾಗಾದ್ರೆ ನಿಮಗೆ ಗೊತ್ತು. ನಮ್ ಕಡೆ 'ಹೌದು' ಅನ್ನೋಕೆ ಮಾತೇ ಬೇಕಿಲ್ಲ, ಹೀಗೆ ಉಸಿರು ಒಳಕ್ಕೆ ಎಳ್ಕೊಂಡ್ರಾಯ್ತು. ಸ್ಟಾಕ್‌ಹೋಮಿನ ಟೈಪಿಸ್ಟ್‌ಗೆ ಅದು ಏದುಸಿರು. ನಿಮಗೆ?"

"ಲೈನು ಸರಿ ಇರ್ಲಿಲ್ಲ—"

"ಸರಿ ಇಲ್ದಿದ್ರೆ ಮತ್ತೆ ಕೇಳ್ಬೇಕು. ಊರು ಖಾತ್ರಿಯಾಗ್ದೆ ಮುಂದಿನ ಮಾತಿಗೆ ಹೋಗೋ ಹಾಗಿಲ್ಲ, ಅದು ನಿಮ್ ಕೆಲಸದ ಮೊದಲ ಪಾಠ. ನಿಮ್ಮ ನಲವತ್ತು ಟೇಪು ಕೇಳಿದ್ದೀನಿ. ಉತ್ರ ಬರ್ದಿದ್ರೆ ನಾಲ್ಕು ಸಲ ಕೇಳಿದ್ದೀರಿ, ಐದು ಸಲ ಕೇಳಿದ್ದೀರಿ. ಇದೊಂದ್ರಲ್ಲಿ ಮಾತ್ರ ಒಂದೇ ಸಲ. ಯಾಕೆ? ಉತ್ರ ಬಂದಿತ್ತು."

ಯಿಲ್ವಾ ಟೇಪು ನಿಲ್ಲಿಸಿದಳು.

"ಮೂಸ್ ಜಿಂಕೆ ಬೇಟೆಯ ತಂಡದವರನ್ನೂ ಕೇಳ್ದೆ. ಎಲೋಫ್ ಅದರ ಮುಖ್ಯಸ್ಥ. ಹೋದ ಸೆಪ್ಟೆಂಬರ್‌ನಲ್ಲಿ ನಿಮ್ಮನ್ನ ಹೊರಗೆ ಹಾಕಿದ. ಗುನ್ವೋರ್ ದನಿ ಗುರುತು ಸಿಕ್ತಲ್ವಾ?"

"ಇಪ್ಪತ್ತೆರಡು ವರ್ಷ ಅವನ ಜೊತೆ ಕಾಡು ಸುತ್ತಿದ್ದೆ!" ಸಿಕ್ಸ್ಟೆನ್ ಮೇಜು ಗುದ್ದಿದ. "ಕುಡುಕ ಅಂತ ಎಲ್ರ ಮುಂದೆ ಬಂದೂಕು ಕಿತ್ಕೊಂಡ. ಒಂದ್ ಗಂಟೆ ಒದ್ದಾಡ್ಲಿ ಅಂದ್ಕೊಂಡೆ. ಸಾಯ್ಲಿ ಅಂತಲ್ಲ."

"ಅವನ ಹೆಂಡ್ತಿಗೆ ಯಾಕೆ ಹಾಗಂದ್ರಿ?"



ಸಿಕ್ಸ್ಟೆನ್‌ನನ್ನು ಬಂಧಿಸಿದ ಮೇಲೆ ಯಿಲ್ವಾ ಗುನ್ವೋರ್‌ಗೆ ಫೋನು ಮಾಡಿದಳು; ಲೈನು ಹೋಗಲಿಲ್ಲ. ಸಿಕ್ಸ್ಟೆನ್ ಬಂದು ಹೋದ ವಾರವೇ ಆಕೆ ಮನೆಯ ಫೋನು ಕೀಳಿಸಿದ್ದಳು. ಯಿಲ್ವಾ ನಲವತ್ತು ಕಿಲೋಮೀಟರ್ ಕಾರು ಓಡಿಸಿಕೊಂಡು ಹೋಗಿ, ಆಕೆಯ ಉತ್ತರ ಅವನಿಗೆ ಕೇಳಿಸಿತ್ತೆಂದು ತಿಳಿಸಿದಳು.