ಖಡಕ್ ರೊಟ್ಟಿಗೊಂದು ಸ್ಪ್ಯಾನಿಷ್ ಶಬ್ದ

ಗುರುಲಿಂಗನ ರೊಟ್ಟಿಗೆ ಒಂದು ಸ್ಪ್ಯಾನಿಷ್ ಶಬ್ದ ಹುಡುಕಲು ರಾಜೇಶ್ರೀಗೆ ತಿಂಗಳು ಹಿಡಿಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶಬ್ದ ಮೊದಲ ದಿನವೇ ಸಿಕ್ಕಿತ್ತು. ಹುಡುಗಿ ಹೇಳಲಿಲ್ಲ, ಅಷ್ಟೇ.

ಅವನು ಕಮಲಾಪುರದವನು; ತಾಯಿಯೊಂದಿಗೆ ಖಡಕ್ ರೊಟ್ಟಿ ಕೇಂದ್ರ ನಡೆಸುತ್ತಾನೆ. ಮ್ಯಾಡ್ರಿಡ್‌ನ ಅಂಗಡಿಯೊಂದು ರೊಟ್ಟಿ ಕೇಳಿತ್ತು. ಬೇಗ ಮುರಿಯುತ್ತದೆ ಎಂದು ಅವರ ಭಾಷೆಯಲ್ಲೇ ಲೇಬಲ್ ಬೇಕಿತ್ತು. ಅದಕ್ಕೇ ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಮನೆಯಲ್ಲಿ ಕೂತು ಆನ್‌ಲೈನ್ ಸ್ಪ್ಯಾನಿಷ್ ಕಲಿಸುವ ರಾಜೇಶ್ರೀಯನ್ನು ಹುಡುಕಿಕೊಂಡು ಬಂದ.

“ಫ್ರಾಹಿಲ್ ಅಂದ್ರ ಗಾಜಿನ ಸಾಮಾನಿಗಿ ಬರ್ತದ್ರಿ. ಡೆಲಿಕಾದೋ ಅಂದ್ರ ನಾಜೂಕು. ಕೆಬ್ರಾದಿಸೋ ಅಂದ್ರ ಒತ್ತಿದ್ರ ಪಟ್ ಅಂತ ಮುರಿಯೋದು,” ಎಂದಳು.

“ಮೂರೂ ಒಂದೇ ಅಲ್ಲೇನ್ರಿ?”

ಕೇಳುವಾಗ ಅವನ ಎಡಹುಬ್ಬು ಮಾತ್ರ ಮೇಲೇರಿತು. ರಾಜೇಶ್ರೀ ಕೆಟ್ಟಿದ್ದು ಅಲ್ಲೇ.

“ಒಂದೇ ಹ್ಯಾಂಗ ಆಗ್ತದ್ರಿ? ಯಾವುದು ಹೊಂದ್ತದ ಅಂತ ರೊಟ್ಟಿ ನೋಡೇ ಹೇಳಬೇಕು. ಸೋಮವಾರ ತಗೊಂಡು ಬರ್ರಿ.”

ಸೋಮವಾರ ಡಬ್ಬಿಯಲ್ಲಿ ಹತ್ತು ರೊಟ್ಟಿ ಬಂದವು. ಒಂದರ ಅಂಚೂ ಹೋಗಿರಲಿಲ್ಲ.

“ಬಸ್ಸಿನ್ಯಾಗ ಒಂದೂ ಮುರೀಲಿಲ್ಲೇನ್ರಿ?”

“ನಿಮಗಂತನೇ ತಂದೀನ್ರಿ. ಎದೀಗಿ ಅವಚಿಕೊಂಡು ನಿಂತೇ ಬಂದೀನಿ.”

“ಮತ್ತ ಬೇಗ ಮುರೀತದ ಅಂತ ಹ್ಯಾಂಗ ಬರೀಲಿ? ಇನ್ನೊಮ್ಮೆ ನೋಡೂಣ.”

ತಂದ ಡಬ್ಬಿಯನ್ನು ಖಾಲಿ ಕಳಿಸಬಾರದೆಂದು ರಾಜೇಶ್ರೀಯ ತಾಯಿ ಸುನಂದಾ ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿ ತುಂಬಿ ಕಳಿಸುತ್ತಿದ್ದರು. ಹಿಂಡಿ ಬಂದ ಡಬ್ಬಿಯನ್ನು ಖಾಲಿ ಒಯ್ಯಬಾರದೆಂದು ಅವನು ಮತ್ತೆ ರೊಟ್ಟಿ ತುಂಬಿ ತರುತ್ತಿದ್ದ. ಹೀಗೆ ಮೂರು ಸೋಮವಾರ ಕಳೆದವು.

ನಾಲ್ಕನೆಯದಕ್ಕೆ ಸುನಂದಾ ಗದರಿದರು. “ಎಷ್ಟ ದಿನ ಆಡಸ್ತೀ ಅವನ್ನ? ಪಾಪ, ಆರ್ಡರ್ ಕೈಬಿಟ್ಟು ಹೋದ್ರ?”

ರಾಜೇಶ್ರೀ ಲೆಕ್ಕ ಹಾಕಿದಳು. ಹೇಳಿದರೆ ಅವನು ಬರುವುದು ನಿಲ್ಲುತ್ತದೆ. ಹೇಳದಿದ್ದರೆ ಅವನ ವ್ಯಾಪಾರ ಹಾಳಾಗುತ್ತದೆ. ಅವನು ಚಪ್ಪಲಿ ಬಿಡುವ ಮೊದಲೇ ಬಾಗಿಲಿಗೆ ಓಡಿದಳು.

“ಕೆಬ್ರಾದಿಸೋ ಬರೀರಿ. ಮೊದಲನೇ ದಿನಾನೇ ಗೊತ್ತಿತ್ತು. ಹೇಳಿದ್ರ ನೀವು ಮತ್ತ ಬರಂಗಿಲ್ಲ ಅಂತ ಸುಮ್ಮನಿದ್ದೆ. ಬೈರಿ.” ಅವಳ ಕಣ್ಣು ತುಂಬಿತ್ತು.

ಗುರುಲಿಂಗ ಬೈಯಲಿಲ್ಲ. ಅವನ ಕಿವಿ ಕೆಂಪಾಗಿತ್ತು.

“ನಾನೂ ಒಂದು ಹೇಳಬೇಕ್ರಿ. ಎರಡನೇ ವಾರಾನೇ ಫೋನಿನ್ಯಾಗ ನೋಡಿ ಅದೇ ಶಬ್ದ ಪ್ರಿಂಟ್ ಮಾಡ್ಸೀನಿ. ಮಾಲು ಹೋಗಿ ಮುಟ್ಟಿದ್ದೂ ಆಯ್ತು.”

“ಮತ್ತ ವಾರಾ ವಾರಾ ಯಾಕ ಬಂದ್ರಿ?”

“ನೀವು ಬರ್ರಿ ಅಂತಿದ್ರಲ್ರಿ!”

ಒಳಗೆ ಸುನಂದಾ ಕೆಮ್ಮಿದರು. ಗುರುಲಿಂಗ ದನಿ ತಗ್ಗಿಸಿದ.

“ಮುಂದಿನ ಸೋಮವಾರ ನಮ್ಮವ್ವನ್ನ ಕರಕೊಂಡು ಬರ್ತೀನಿ. ಆಕೀ ಮುಂದ ಮೂರು ಮೂರು ಶಬ್ದ ಹೇಳಬ್ಯಾಡ್ರಿ. ಹೂಂ ಅಂದ್ರ ಸಾಕು.”

“ಹೂಂ,” ಎಂದಳು ರಾಜೇಶ್ರೀ.

“ಈಗಲ್ರಿ, ಸೋಮವಾರ.”

“ಹೂಂ,” ಎಂದಳು ಮತ್ತೆ.