ಶಂಕರಮ್ಮನ ಉತ್ತರಗಳು

ತೀರಿಕೊಂಡು ಎಂಟು ತಿಂಗಳಾದ ಮೇಲೆ, ಒಂದು ಬುಧವಾರ ಬೆಳಿಗ್ಗೆ, ಶಂಕರಮ್ಮ ಕಡೂರಿನ ಹೆಂಗಸೊಬ್ಬಳಿಗೆ ಉತ್ತರ ಬರೆದರು.

ಆ ಹೆಂಗಸು, ಸಮತಾ, ಇನ್ನೊಂದು ದೋಸೆ ಕಾವಲಿ ಕೊಳ್ಳಲು ಮಾಚೇನಹಳ್ಳಿಯ ಎರಕದ ಶೆಡ್ಡಿಗೆ ಬಂದಾಗಲೇ ಮಗ ಜ್ಞಾನೇಶನಿಗೆ ಅದು ಗೊತ್ತಾದದ್ದು.

"ನಿಮ್ಮ ತಾಯಿ ಇಲ್ವಾ? ಒಂದ್ಸಲ ಮುಖ ನೋಡ್ಕೊಂಡು ಹೋಗೋಣ ಅಂತಿದ್ದೆ. ದೋಸೆ ಹರೀತಿತ್ತು, ಮೊನ್ನೆ ನಿಮ್ಮ ಪೇಜಲ್ಲಿ ಕೇಳ್ದೆ. ಎಷ್ಟು ಚೆನ್ನಾಗಿ ಹೇಳ್ಕೊಟ್ರು ನೋಡಿ!"

ಅವಳು ಫೋನ್ ಚಾಚಿದಳು. ‘ಮೂರು ದಿನ ಗಂಜಿ ಹಾಕಿಡು. ನಾಲ್ಕನೇ ದಿನ ಎಣ್ಣೆ ಸವರಿ ಈರುಳ್ಳಿ ಉಜ್ಜು. ಅವಸರ ಮಾಡಿದ್ರೆ ಕಾವಲಿ ಮುನಿಸ್ಕೊಳ್ಳುತ್ತೆ, ಮಾರಾಯ್ತಿ. — ಶಂಕರಮ್ಮ.’

ಜ್ಞಾನೇಶ ಎರಡು ಸಲ ಓದಿದ. ಅದು ಅಮ್ಮನ ಮಾತೇ. ಅಮ್ಮನ ಗದರಿಕೆಯೇ.

"ಊರಲ್ಲಿಲ್ಲ," ಎಂದಷ್ಟೇ ಹೇಳಿದ.

ಮಧ್ಯಾಹ್ನ ಕೋಟೆ ಬೀದಿಯ ಮನೆಗೆ ಹೋಗಿ ಬೀರು ತೆರೆದ. ಅಮ್ಮನ ಫೋನ್ ಅವರ ಶಾಲಿನ ಮಡಿಕೆಯಲ್ಲಿ ಹಾಗೇ ಇತ್ತು. ಸತ್ತ ಫೋನು, ಮುಟ್ಟಿದರೆ ಕಲ್ಲಿನಷ್ಟು ತಂಪು. ಅಮ್ಮ ಹೋದ ಮೇಲೆ ಅವನು ಪೇಜಿನ ಕಡೆ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ. ಈಗ ನೋಡಿದ. ಎಂಟು ತಿಂಗಳೂ ಅಮ್ಮ ಉತ್ತರ ಬರೆಯುತ್ತಲೇ ಇದ್ದರು. ಯಾರಿಗೋ ತುಕ್ಕು ಬಿಡಿಸುವುದು ಹೇಳಿದ್ದರು, ಯಾರಿಗೋ ಮೊದಲ ದೋಸೆ ಹಸುವಿಗೆ ಹಾಕು ಎಂದಿದ್ದರು.

ತೋಟದ ಗೇಟು, ಕಿಟಕಿ ಸರಳು ಮಾಡುತ್ತಿದ್ದ ಶೆಡ್ಡಿನಲ್ಲಿ ಕಾವಲಿ ಎರಕ ಹೊಯ್ಯಿಸಿದ್ದು ಶಂಕರಮ್ಮ. ಅದನ್ನು ನೆಟ್‌ನಲ್ಲಿ ಮಾರಬಹುದೆಂದು ಕಂಡುಕೊಂಡದ್ದೂ ಅವರೇ. ದುರ್ಗಿಗುಡಿಯ ಒಂದು ಆಫೀಸಿಗೆ ಆ ಕೆಲಸ ಒಪ್ಪಿಸಿದ್ದರು. ಪೇಜು, ಮ್ಯಾಪಿನಲ್ಲಿ ಅಂಗಡಿಯ ಗುರುತು, ವೆಬ್‌ಸೈಟು, ಎಲ್ಲ ಆ ಆಫೀಸಿನವರೇ ಮಾಡಿದ್ದು. ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಕೇಳಿರಲಿಲ್ಲ, ಅವರು ಕೊಟ್ಟಿರಲಿಲ್ಲ.

ಜ್ಞಾನೇಶ ಅಲ್ಲಿಗೆ ಹೋಗಿ ಕೇಳಿದಾಗ ಆಫೀಸಿನ ಯಜಮಾನ ಪುನೀತ್ ಕುರ್ಚಿಯಲ್ಲಿ ಹಿಂದಕ್ಕೆ ವಾಲಿದ.

"ಪೇಜು ನಮ್ಮ ಇಮೇಲಲ್ಲಿ ಮಾಡಿದ್ದು ಸರ್. ಅಂದ್ರೆ ನಮ್ದೇ. ನಿಮ್ಮಮ್ಮ ಹೋದ್ಮೇಲೆ ನೀವು ಈ ಕಡೆ ತಲೆನೇ ಹಾಕ್ಲಿಲ್ಲ. ಮುಂದಿನ ವಾರ ಹೆಸರು ಬದಲಾಯ್ಸಿ ಬೇರೆ ಕಾವಲಿ ಕಂಪನಿಗೆ ಕೊಡ್ತಿದ್ದೀವಿ."

"ನಮ್ಮಮ್ಮನ ಹೆಸರಲ್ಲಿ ಬರೀತಿರೋದ್ಯಾರು?"

ಪುನೀತನಿಗೇ ಆಶ್ಚರ್ಯವಾಯಿತು. ಕಂಪ್ಯೂಟರಿನಲ್ಲಿ ಹುಡುಕಿ ನಾಲಿಗೆ ಕಚ್ಚಿಕೊಂಡ. "ವಿದ್ಯಾಶ್ರೀ. ಕೆಲಸ ಬಿಟ್ಟು ಐದು ತಿಂಗಳಾಯ್ತು. ಪೇಜಿಂದ ಅವಳನ್ನ ತೆಗೆಯೋದು ಮರೆತಿದ್ದೀವಿ ನೋಡಿ, ಹೆಸರು ಬದಲಾಯ್ಸುವಾಗ ತೆಗೆದ್ರಾಯ್ತು. ಭದ್ರಾವತಿ ಹುಡುಗಿ, ನ್ಯೂ ಟೌನು."

ಜ್ಞಾನೇಶ ಸಿಟ್ಟಿನಿಂದಲೇ ಭದ್ರಾವತಿಗೆ ಬೈಕ್ ಓಡಿಸಿದ.

ನ್ಯೂ ಟೌನಿನಲ್ಲಿ ನಾಲ್ಕು ಕಡೆ ವಿಚಾರಿಸಿ ಅವಳನ್ನು ಕಂಡದ್ದು ಒಂದು ಕಂಪ್ಯೂಟರ್ ಸೆಂಟರಿನಲ್ಲಿ. ಹತ್ತಿ ಚೂಡಿದಾರ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ನು. ಅವನು ಬಾಗಿಲಲ್ಲಿ ನಿಂತು, "ಕಾವಲಿ ಪೇಜು ನೋಡ್ಕೊಳ್ತಿದ್ದೋರು..." ಎನ್ನುವಷ್ಟರಲ್ಲಿ ಅವಳು ತಟ್ಟನೆ ತಲೆಯೆತ್ತಿದಳು. ಮುಖ ನೋಡಿ ಅಲ್ಲ, ದನಿ ಕೇಳಿ ಗುರುತು ಹಿಡಿದ ಹಾಗಿತ್ತು.

"ಜ್ಞಾನೇಶ್ ಅವ್ರು," ಎಂದಳು.

"ಸತ್ತೋರ ಹೆಸರಲ್ಲಿ ಬರೆಯೋಕೆ ನಿಮಗೆ ಹೇಗೆ ಮನಸ್ಸು ಬರುತ್ತೆ?"

ಅವಳು ಕಣ್ಣು ತಪ್ಪಿಸಲಿಲ್ಲ. "ಜನ ಕೇಳ್ತಿದ್ರು. ಯಾರೂ ಉತ್ತರ ಕೊಡ್ತಿರ್ಲಿಲ್ಲ. ತಪ್ಪು, ಗೊತ್ತು. ಬೈಯೋದಿದ್ರೆ ಬೈದು ಮುಗಿಸಿ. ನಂತ್ರ ಕೂತ್ಕೊಳ್ಳಿ, ಪೇಜು ನಿಮ್ಮ ಹೆಸರಿಗೆ ಮಾಡೋಣ."

ಅವನು ಬೈಯಲು ಬಂದಿದ್ದ. ಕೂತುಕೊಂಡ.

ಅವಳು ಮೊದಲು ಪುನೀತನಿಗೆ ಫೋನ್ ಮಾಡಿದಳು. "ಸರ್, ಕದ್ದು ಮಾಡ್ತಿಲ್ಲ, ಹೇಳಿಯೇ ಮಾಡ್ತಿದ್ದೀನಿ. ಪೇಜು ಮಾಡಿಕೊಟ್ಟಿದ್ದು ಶಂಕರಮ್ಮನಿಗೆ ಅಂತ ನೀವೇ ಕೊಟ್ಟ ಬಿಲ್ಲಲ್ಲಿದೆ. ಅವರ ಮಗನಿಗೆ ವಾಪಸ್ ಕೊಡ್ತಿದ್ದೀನಿ." ಆ ಕಡೆಯಿಂದ ಕೂಗಾಟ ಕೇಳಿಸಿತು. ಕೊನೆಗೆ, "ಬಿಲ್ಲು ಗಿಲ್ಲು ಅಂತ ಆಫೀಸಿಗೆ ಬರೋದು ಬೇಡ, ಪೇಜು ತಗೊಂಡು ಸಾಯಿರಿ. ವೆಬ್‌ಸೈಟಿನ ಹೆಸರು ನನ್ನ ಹೆಸರಲ್ಲಿದೆ, ಅದನ್ನಂತೂ ಕೊಡಲ್ಲ," ಎಂದು ಅವನು ಫೋನಿಟ್ಟ.

"ಅದು ಹೋಯ್ತು," ಎಂದಳು ವಿದ್ಯಾಶ್ರೀ. "ಹೊಸದು ಮಾಡ್ಕೊಳ್ಳಿ. ಈ ಸಲ ನಿಮ್ಮ ಇಮೇಲು, ನಿಮ್ಮ ಫೋನ್ ನಂಬರು. ಕೆಲಸ ಯಾರಿಗೆ ಬೇಕಾದ್ರೂ ಕೊಡಿ, ಯಜಮಾನಿಕೆ ಮಾತ್ರ ಕೊಡ್ಬೇಡಿ."

ಅವನನ್ನು ಪೂರ್ತಿ ಹಕ್ಕಿನೊಂದಿಗೆ ಪೇಜಿಗೆ ಸೇರಿಸಿದಳು. ಪುನೀತನ ಆಫೀಸನ್ನು ತೆಗೆದಳು. ಮ್ಯಾಪಿನ ಗುರುತಿನಲ್ಲೂ ಹಾಗೇ ಮಾಡಿದಳು. "ಉಳಿದದ್ದು ನಾನೊಬ್ಬಳು. ಹೊಸಬರು ಹಳಬರನ್ನ ತೆಗೆಯೋಕೆ ಏಳು ದಿನ ಕಾಯ್ಬೇಕು. ಎಂಟನೇ ದಿನ ಬನ್ನಿ."

"ಅಲ್ಲೀವರೆಗೂ ಅಮ್ಮನ ಹೆಸರಲ್ಲಿ ಒಂದಕ್ಷರ ಬರೀಬೇಡಿ."

"ಬರೆಯಲ್ಲ."

ಬರೆಯಲಿಲ್ಲ. ಮೊದಲ ದಿನ ಜ್ಞಾನೇಶನಿಗೆ ಹಗುರವೆನಿಸಿತು. ಎರಡನೇ ದಿನ ಹಾಸನದ ಯಾರೋ, ಕಾವಲಿ ಹೊಗೆಯಾಡುತ್ತಿದೆ ಎಂದು ಕೇಳಿದ್ದರು. ಶೆಡ್ಡಿನ ಶಬ್ದದ ನಡುವೆ ಅವನು ಹತ್ತು ಸಲ ಫೋನ್ ನೋಡಿದ. ಉತ್ತರವಿಲ್ಲ. ಮೂರನೇ ದಿನ ಇನ್ನಿಬ್ಬರು. ‘ಶಂಕರಮ್ಮ, ಯಾಕೆ ಮಾತಿಲ್ಲ? ಹುಷಾರಾಗಿದ್ದೀರಾ?’

ಅವನೇ ಬರೆಯಲು ಹೋದ. ಎರಡು ಸಾಲು ಬರೆದು ಅಳಿಸಿದ. ಅಚ್ಚಿಗೆ ಮರಳು ಒತ್ತುವಾಗ, ಮಗ್ಗುಲಲ್ಲಿ ಅಮ್ಮ ನಿಂತು ನೋಡುತ್ತಿದ್ದಾರೆ ಎನಿಸಿ ತಿರುಗಿದರೆ ಬರೀ ಗೋಡೆ. ಇಷ್ಟು ದಿನ ಅವರು ಎಲ್ಲೋ ಮಾತಾಡುತ್ತಿದ್ದರು, ಅವನಿಗೆ ತಿಳಿದಿರಲಿಲ್ಲ. ತಿಳಿದ ದಿನವೇ ಬಾಯಿ ಮುಚ್ಚಿಸಿದ್ದ. ಅಮ್ಮ ಹೋದ ದಿನವೂ, ಶಿವಗಣಾರಾಧನೆಯ ದಿನವೂ ಅಳದಿದ್ದವನು ಐದನೇ ದಿನ ಅಚ್ಚಿನ ಮುಂದೆ ಕೂತು ಅತ್ತ.

ಆರನೇ ದಿನ ಅವಳಿಗೆ ಫೋನ್ ಮಾಡಿದ.

"ಒಂದೇ ಒಂದು ಸಲ ಬರೀರಿ. ಹಾಸನದವ್ರಿಗೆ. ಅಮ್ಮ ಬರೆದ ಹಾಗೇ."

"ಬೇಡ. ನಾನು ಬರೆದ್ರೆ ನೀವು ಅಲ್ಲೇ ನಿಂತ್ಬಿಡ್ತೀರಿ. ನಾನೂ ಅಲ್ಲೇ ನಿಂತಿದ್ದೆ."

"ನೀವ್ಯಾಕೆ?"

"ನಾಡಿದ್ದು ಬನ್ನಿ, ಹೇಳ್ತೀನಿ."

ಎಂಟನೇ ದಿನ ಭಾನುವಾರ. ಸೆಂಟರಿಗೆ ರಜೆ. ಅವಳ ಮನೆಯ ಜಗಲಿಯಲ್ಲಿ ಕೂತರು. ಕಾರ್ಖಾನೆಯಿಂದ ನಿವೃತ್ತರಾಗಿದ್ದ ಅವಳ ಅಪ್ಪ ಸಿದ್ದಯ್ಯ ಕಾಫಿ ತಂದಿಟ್ಟು, ಮಾತಿನ ಭಾರ ನೋಡಿ ಒಳಗೆ ಹೋದರು.

"ಮೊದಲು ಕೆಲಸ," ಎಂದಳು. "ನನ್ನನ್ನ ತೆಗೀರಿ."

ಪರದೆಯ ಮೇಲೆ ಅವಳ ಹೆಸರಿತ್ತು. ಪಕ್ಕದಲ್ಲಿ ಒಂದು ಕೆಂಪು ಗುಂಡಿ. ಅವನ ಬೆರಳು ಅಲ್ಲೇ ನಿಂತಿತು.

"ಇರ್ಲಿ ಬಿಡಿ. ನಿಮ್ಮ ಮೇಲೆ ನಂಬಿಕೆ ಇದೆ ನಂಗೆ."

ಅವಳು ಮೊದಲ ಸಲ ನಕ್ಕಳು. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವ ನಗು. "ನಂಬಿಕೆ ಇದ್ರೆ ಕಾಫಿ ಕುಡೀರಿ. ಬೀಗದ ಕೈ ಮನೆಯವರ ಹತ್ರಾನೇ ಇರ್ಬೇಕು. ಒತ್ತಿ."

ಒತ್ತಿದ. ಹೆಸರು ಹೋಯಿತು. ಅವಳು ಉಸಿರು ಬಿಟ್ಟಳು. ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಉತ್ತರ ನಾನು ಕಟ್ಟಿ ಬರೆದದ್ದಲ್ಲ," ಎಂದಳು. "ನಿಮ್ಮಮ್ಮನಿಗೆ ಟೈಪ್ ಮಾಡೋಕೆ ಬೇಜಾರು. ದಿನಾ ವಾಯ್ಸ್ ಮೆಸೇಜ್ ಕಳಿಸೋರು, ನಾನು ಬರೆದು ಹಾಕ್ತಿದ್ದೆ. ಎರಡು ವರ್ಷದ್ದು ಹಾಗೇ ಇದೆ. ಯಾರಾದ್ರೂ ಏನಾದ್ರೂ ಕೇಳಿದ್ರೆ, ಅದ್ರಲ್ಲಿ ಹುಡುಕ್ತಿದ್ದೆ. ಅವರು ಹೇಳ್ದೇ ಇರೋದು ಒಂದೂ ಬರ್ದಿಲ್ಲ."

"ಅಮ್ಮನ ದನಿ ಇದೆಯಾ? ನಮ್ಮ ಮನೇಲಿ ಒಂದೂ ಇಲ್ಲ, ಅಮ್ಮನ ಫೋನೂ ಕೆಟ್ಟು ಕೂತಿದೆ. ನಾನು ಹಿಡಿದಿಟ್ಕೊಳ್ಳಲೇ ಇಲ್ಲ."

"ಎಲ್ಲ ನಿಮ್ಗೆ ಕಳಿಸ್ತೀನಿ. ಮೊದಲು ಇದೊಂದು ಕೇಳಿ."

ಅವಳು ಫೋನನ್ನು ಜಗಲಿಯ ಮೇಲಿಟ್ಟಳು. ಅಮ್ಮ ಮಾತಾಡಿದರು. ಉಬ್ಬಸದ, ಅವಸರದ, ಜೀವಂತ ದನಿ. "ಏ ವಿದ್ಯಾ, ಊಟ ಆಯ್ತೇನೆ? ನಮ್ದಿನ್ನೂ ಇಲ್ಲ. ಈ ಮಹಾರಾಯ ಶೆಡ್ ಬಿಟ್ಟು ಬಂದ್ರೆ ತಾನೆ..." ಅಷ್ಟರಲ್ಲಿ ಹಿಂದಿನಿಂದ ಗಂಡಸಿನ ದನಿ. "ಬಂದೆ ಕಣಮ್ಮಾ, ಬೈಬೇಡ. ಇವತ್ತೂ ಹುಳಿನೇನಾ?" ಆಮೇಲೆ ನಗು. ತುಂಬು ನಗು. ಅದು ಅವನದೇ. ಅಂಥ ನಗು ತನಗಿತ್ತೆಂಬುದನ್ನೇ ಅವನು ಮರೆತಿದ್ದ.

ಮೆಸೇಜು ಮುಗಿಯಿತು.

"ಇದ್ರಲ್ಲಿ ಕಾವಲಿ ವಿಷಯ ಏನೂ ಇಲ್ವಲ್ಲ," ಎಂದ ಜ್ಞಾನೇಶ.

"ಇಲ್ಲ." ಅವಳು ಚೂಡಿದಾರದ ಅಂಚನ್ನು ಮಡಿಸಿದಳು, ಬಿಡಿಸಿದಳು. "ಆದ್ರೂ ಎಲ್ಲಕ್ಕಿಂತ ಜಾಸ್ತಿ ಸಲ ಕೇಳಿರೋದು ಇದನ್ನೇ."

"ಅಮ್ಮನ್ನ ಅಷ್ಟು ಹಚ್ಕೊಂಡಿದ್ರಾ?"

"ಹೂಂ. ಅವ್ರನ್ನೂ."

ಅವನು ಅವಳನ್ನೇ ನೋಡಿದ. ಅವಳು ನೆಲ ನೋಡುತ್ತಿದ್ದಳು. ಕಿವಿಯ ತುದಿ ಕೆಂಪಗಾಗಿತ್ತು. ಸತ್ತವರ ಮಾತುಗಳ ನಡುವೆ ಇವಳು ಒಂದು ಬದುಕಿರುವ ದನಿಯನ್ನು ಒಬ್ಬಳೇ ಕೇಳುತ್ತ ಕೂತಿದ್ದಳು ಎಂಬುದು ಅವನಿಗೆ ನಿಧಾನವಾಗಿ ಅರ್ಥವಾಯಿತು.

"ಇನ್ನೊಂದ್ಸಲ ಹಾಕಿ," ಎಂದ.

ಅವಳು ಫೋನನ್ನು ಕವುಚಿಟ್ಟಳು. "ಬೇಡ. ಸಾಕಾಗಿದೆ ಫೋನಲ್ಲಿ ಕೇಳಿ. ಎದುರಿಗೇ ಇದ್ದೀರಲ್ಲ, ನೀವೇ ಮಾತಾಡಿ."

ಎಂಟು ತಿಂಗಳಿಂದ ಅವನು ಯಾರೊಂದಿಗೂ ಸರಿಯಾಗಿ ಮಾತಾಡಿರಲಿಲ್ಲ. ಆಗ ಒಳಗಿನಿಂದ ಸಿದ್ದಯ್ಯ, "ಊಟಕ್ಕೆ ಇರ್ತಾರೇನಮ್ಮ ಅವ್ರು?" ಎಂದು ಕೇಳಿದರು.

ವಿದ್ಯಾಶ್ರೀ ಅವನ ಕಡೆ ನೋಡಿದಳು.

"ಇರ್ತೀನಿ," ಎಂದ ಜ್ಞಾನೇಶ. ಒಳಗಿನವರಿಗೆ ಕೇಳಲೆಂದು ಗಟ್ಟಿಯಾಗಿ, ಆದರೆ ಅವಳ ಕಣ್ಣಿನಿಂದ ಕಣ್ಣು ತೆಗೆಯದೆ ಹೇಳಿದ. "ಇವತ್ತೊಂದೇ ದಿನ ಅಲ್ಲ."