ಮಿಡತೆ ಕುಲದ ನಕಲಿ ಅಣ್ಣ

"ನೋಡು ಗೊನ್ಜಾಗ, ಎಂಥಾ ಖದೀಮ ಇದು!"

ನಮ್ಮ ಲ್ಯಾಬಿನ ಪರದೆಯ ಮೇಲಿದ್ದದ್ದು ಬ್ರುಸೆಲ್ಲ ಬ್ಯಾಕ್ಟೀರಿಯಾದ ಪ್ರೋಟೀನು. ಹಸಿ ಹಾಲಿನ ಜೊತೆ ಮೈಸೇರಿ ತಿಂಗಳುಗಟ್ಟಲೆ ಜ್ವರ ಬರಿಸುವ ಬ್ಯಾಕ್ಟೀರಿಯಾ. ನಮ್ಮ ಜೀವಕೋಶದಲ್ಲಿ ಕಳ್ಳನನ್ನು ಕಂಡು ಕೂಗುವ ಕಾವಲುಗಾರನೊಬ್ಬ ಇದ್ದಾನೆ. ಈ ಪ್ರೋಟೀನು ಅವನದೇ ವೇಷ ತೊಟ್ಟು, ಕೂಗನ್ನು ಮುಂದೆ ದಾಟಿಸಬೇಕಾದವನ ಕೈಹಿಡಿದು ನಿಂತುಬಿಡುತ್ತದೆ. ಕೂಗು ಅಲ್ಲೇ ಅಡಗುತ್ತದೆ.

"ಎಷ್ಟು ಚಂದ ಅಲ್ವಾ?"

"ತುಂಬಾ ಚಂದ," ಎಂದ. ಅವನು ನೋಡುತ್ತಿದ್ದದ್ದು ಪರದೆಯನ್ನಲ್ಲ.

ನಾನು ಮುಖ ತಿರುಗಿಸಿದೆ. ಏನು ಮಾಡಲಿ, ಅವನು ನನಗೆ ಅಣ್ಣ.

ನಮ್ಮದು ಮಿಡತೆ ಕುಲ. ಒಂದೇ ಕುಲದವರೆಂದರೆ ಒಡಹುಟ್ಟಿದವರು, ಮದುವೆಯ ಮಾತೇ ಇಲ್ಲ. ಗೊನ್ಜಾಗ ಲ್ಯಾಬಿಗೆ ಸೇರಿದ ಹೊಸತರಲ್ಲಿ ಹಾಲಿನ ಸ್ಯಾಂಪಲ್ಲಿಗೆಂದು ನಮ್ಮ ಕೊಟ್ಟಿಗೆಗೆ ಬಂದಿದ್ದ. ಅಮ್ಮ ಹೊರಗಿನವರಿಗೆ ಹಸು ಮುಟ್ಟಗೊಡುವವಳಲ್ಲ. "ನಾನೂ ಮಿಡತೆ ಕುಲವೇ ಅಮ್ಮಾ, ನಮ್ಮ ಕುಲದ ಯಜಮಾನನೂ ಮುಗಲೂಲನೇ," ಎಂದ. ಹಸುವನ್ನೂ ಮುಟ್ಟಗೊಟ್ಟಳು, ಬಾಳೆಕಾಯಿ ಬೇಯಿಸಿದ ಮಟೋಕೆಯನ್ನೂ ಬಡಿಸಿದಳು. ಅಂದಿನಿಂದ ಅವನು ಮನೆಮಗ. ಪಾದ್ರಿಯ ಕೆಮ್ಮು, ನಮ್ಮ ಬಾಸಿನ ಬೈಗುಳ ಎಲ್ಲ ಅನುಕರಿಸಿ ಅಮ್ಮನನ್ನು ನಗಿಸುವನು. ನಾನು ನಗುತ್ತಲೇ ಒಳಗೊಳಗೆ ಬೇಯುತ್ತಿದ್ದೆ.

ನವೆಂಬರಿಗೆ ಮಿಡತೆಯ ಸುಗ್ಗಿ. ನಮ್ಮೂರು ಮಸಾಕದ ಬಸ್‌ಸ್ಟ್ಯಾಂಡಿನ ತುಂಬ, ಜನ ಕೊಂಡು ತಿನ್ನುವ ಹುರಿದ ಮಿಡತೆಯ ಘಮ. ಕುಲದ ಹೆಸರೇ ಅದಾದ್ದರಿಂದ ನಾವು ಮಾತ್ರ ಬಾಯಿಗಿಡುವಂತಿಲ್ಲ. ಅಲ್ಲಿ ಗೊನ್ಜಾಗ ನಿಂತಿದ್ದ, ಕೆನ್ನೆ ಉಬ್ಬಿಸಿ ಕುರುಂ ಕುರುಂ ಎನ್ನುತ್ತ.

"ಅಣ್ಣಾ!"

ಅವನ ಕೈಲಿದ್ದ ಮಿಡತೆಯ ಪೊಟ್ಟಣ ಜಾರಿತು. "ಪೆಲಾಜಿಯ... ನಂದು ನೀರುನಾಯಿ ಕುಲ ಕಣೇ. ಹಾಲು ಸಿಗಲಿ ಅಂತ ಹಾಗಂದೆ. ಅಷ್ಟರಲ್ಲಿ ಒಳಗಿಂದ ನೀನು ಬಂದೆ."

"ಬ್ಯಾಕ್ಟೀರಿಯಾ!" ಇಷ್ಟು ಖುಷಿಯಿಂದ ನಾನು ಯಾರನ್ನೂ ಬೈದಿರಲಿಲ್ಲ.

"ಅಮ್ಮಂಗೆ ಗೊತ್ತಾದ್ರೆ ಓಡಿಸಿಬಿಡ್ತಾರೆ."

"ಹೇಳದಿದ್ರೆ ಸಾಯೋವರೆಗೂ ಅಣ್ಣನಾಗೇ ಇರು. ನಡಿ!"

ಅಮ್ಮ ಕೊಟ್ಟಿಗೆಯ ಮುಂದೆ ಹುಲ್ಲು ಹಾಕುತ್ತಿದ್ದಳು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಕೊನೆಗೆ, "ನನಗೆ ಪೆಲಾಜಿಯ ಬೇಕು," ಎಂದ.

"ನನ್ನ ಹಸು ಮುಟ್ಟಿದ್ದೀಯ, ನನ್ನ ಕೈಯಡುಗೆ ಉಂಡಿದ್ದೀಯ, ವಂಚಕ!" ಅಮ್ಮ ಕೈಲಿದ್ದ ಹುಲ್ಲನ್ನು ನೆಲಕ್ಕೆ ಎಸೆದಳು. ಅವನನ್ನು ನೋಡಿದಳು. ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೊದ್ದ ಬಟ್ಟೆಯನ್ನು ಹಣೆಯಿಂದ ಗಲ್ಲದವರೆಗೆ ಎಳೆದುಕೊಂಡು, ಬೆನ್ನು ತಿರುಗಿಸಿ ಒಳಗೆ ನಡೆದಳು.

"ಅವರು ಮುಖ ಮುಚ್ಕೊಂಡ್ರಾ?" ಗೊನ್ಜಾಗ ಪಿಸುಗುಟ್ಟಿದ.

"ಮುಚ್ಕೊಂಡ್ಳು." ನನ್ನ ಕಣ್ಣು ತುಂಬಿ ಬಂತು. ನಮ್ಮಲ್ಲಿ ಹೆಂಗಸು ಹಾಗೆ ಮುಖ ಮರೆಸುವುದು ಅಳಿಯನೆದುರು ಮಾತ್ರ; ಅತ್ತೆ ಅಳಿಯ ಎದುರುಬದುರಾಗುವಂತಿಲ್ಲ.

ಒಳಗಿನಿಂದ ಅಮ್ಮ ಕೂಗಿದಳು: "ಪೆಲಾಜಿಯಾ, ಬಾಗಿಲು ಬಿಟ್ಟು ಆಚೆ ನಿಲ್ಲೋಕೆ ಹೇಳು ಅವನಿಗೆ. ನಾನು ಹಸುಗೆ ನೀರು ಇಡೋದು ಬೇಡ್ವಾ?"